ಮಂಜು ಏರುವ ಕಣಿವೆ

ಮೆಟ್ಟುಪಾಳ್ಯಂ ನಿಲ್ದಾಣದಿಂದ ಬೆಳಿಗ್ಗೆ ಏಳು ಗಂಟೆಯ ಸುಮಾರಿಗೆ ಹೊರಡುವ ನೀಲಗಿರಿಯ ಪುಟ್ಟ ರೈಲು ಮೊದಲ ಕೆಲವು ಕಿಲೋಮೀಟರ್ ದೂರ ಬಯಲುಸೀಮೆಯ ರೈಲಿನಂತೆಯೇ ಓಡುತ್ತದೆ. ಇಕ್ಕೆಲಗಳಲ್ಲಿ ಅಡಕೆ ತೋಟಗಳು, ಎದುರಿಗೆ ಗೋಡೆಯಂತೆ ನಿಂತ ಬೆಟ್ಟ. ಕಲ್ಲಾರ್ ದಾಟಿದೊಡನೆ ಅದರ ನಡೆ ಬದಲಾಗುತ್ತದೆ. ಎರಡು ಹಳಿಗಳ ನಡುವೆ ಹಲ್ಲುಗಳುಳ್ಳ ಉಕ್ಕಿನ ಪಟ್ಟಿ ಕಾಣಿಸಿಕೊಳ್ಳುತ್ತದೆ. ಎಂಜಿನ್ನಿನ ಹಲ್ಲುಚಕ್ರ ಅದನ್ನು ಕಚ್ಚಿ ಹಿಡಿದು, ಬೋಗಿಗಳನ್ನು ಹಿಂದಿನಿಂದ ಮೇಲಕ್ಕೆ ತಳ್ಳತೊಡಗುತ್ತದೆ. ಅಲ್ಲಿಂದ ಕೂನೂರಿನವರೆಗೆ ರೈಲು ಬೆಟ್ಟವನ್ನು ಅಕ್ಷರಶಃ ಹತ್ತುತ್ತದೆ. 46 ಕಿಲೋಮೀಟರುಗಳ ಈ ದಾರಿಯಲ್ಲಿ 16 ಸುರಂಗಗಳು, 250 ಸೇತುವೆಗಳು, 208 ತಿರುವುಗಳು. 1899ರಲ್ಲಿ ಕೂನೂರಿನವರೆಗೆ, 1908ರಲ್ಲಿ ಉದಕಮಂಡಲದವರೆಗೆ ತೆರೆದ ಈ ಮಾರ್ಗವನ್ನು ಯುನೆಸ್ಕೋ 2005ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು.

ಕಿಟಕಿಯ ಪಕ್ಕ ಕುಳಿತ ಪ್ರಯಾಣಿಕನಿಗೆ ಈ ಏರಿನಲ್ಲಿ ಎರಡು ಸಂಗತಿಗಳು ಎದ್ದು ಕಾಣುತ್ತವೆ. ಮೊದಲನೆಯದು ಹಸಿರಿನ ಬದಲಾವಣೆ. ಅಡಕೆ, ಹಲಸು, ಬಿದಿರು ಕೆಳಗುಳಿದು ಚಹಾ ತೋಟಗಳು ಎದುರಾಗುತ್ತವೆ. ಎರಡನೆಯದು ಹೆಸರುಗಳು. ಫಲಕಗಳ ಮೇಲಿನ ಲಿಪಿ ತಮಿಳು ಮತ್ತು ಇಂಗ್ಲಿಷಿನದಾದರೂ ಕನ್ನಡದ ಕಿವಿಗೆ ಹಲವು ಹೆಸರುಗಳು ನೆಂಟರಂತೆ ಕೇಳಿಸುತ್ತವೆ. ಈ ಬೆಟ್ಟದ ಬಡಗರು ತಮ್ಮ ಊರನ್ನು ಹಟ್ಟಿ ಎನ್ನುತ್ತಾರೆ. ಬಡಗರೆಂದರೆ ಬಡಗು ದಿಕ್ಕಿನಿಂದ, ಎಂದರೆ ಮೈಸೂರು ಸೀಮೆಯಿಂದ ಬಂದವರೆಂದು ಹೇಳುವುದು ವಾಡಿಕೆ. ಅವರ ನುಡಿ ಕನ್ನಡಕ್ಕೆ ತೀರ ಹತ್ತಿರದ್ದು. ಕಣಿವೆಯಾಚೆಯ ಶಿಖರದ ಮೇಲಿರುವ, ಟಿಪ್ಪು ಸುಲ್ತಾನನ ಕಾಲದ ಹೊರಠಾಣ್ಯವಾಗಿದ್ದ ಹಾಳುಕೋಟೆಯನ್ನು ಇಂಗ್ಲಿಷರು ‘ಡ್ರೂಗ್’ ಎಂದು ಬರೆದರು. ಅದು ದುರ್ಗವೇ. ಕೂನೂರಿಗೆ ಸ್ವಲ್ಪ ಮೊದಲು, ಕಾಟೇರಿಯ ಹತ್ತಿರ, ರೈಲುದಾರಿಯಿಂದ ದೂರವಿಲ್ಲದ ಒಂದು ಸಣ್ಣ ಊರಿನ ಹೆಸರು ನಂಜಪ್ಪಛತ್ತಿರಂ. ನಂಜಪ್ಪನೆಂಬ ಹೆಸರು ನಂಜನಗೂಡಿನ ಸೀಮೆಯವರಿಗೆ ಮನೆಮನೆಯ ಹೆಸರು. ಛತ್ತಿರವು ಕನ್ನಡದ ಛತ್ರ. ದಾರಿಹೋಕನಿಗೆ ನೀರು, ನೆರಳು, ಹಾಸುಹೊದಿಕೆ ಕೊಡುವ ಜಾಗಕ್ಕೆ ಸಲ್ಲುವ ಹೆಸರು ಅದು.

ಈ ಊರಿನ ಹೆಸರು 2021ರ ಡಿಸೆಂಬರ್ 8ರಂದು ಒಂದೇ ಮಧ್ಯಾಹ್ನದಲ್ಲಿ ದೇಶಕ್ಕೆಲ್ಲ ತಿಳಿಯಿತು. ಆ ದಿನ ನಡೆದುದನ್ನು ಅರಿಯಬೇಕಾದರೆ ಮೊದಲು ಈ ಕಣಿವೆಯ ಮಂಜನ್ನು ಅರಿಯಬೇಕು.

ನೀಲಗಿರಿಗೆ ಎರಡು ಮಳೆಗಾಲಗಳು. ಜೂನಿನಿಂದ ಸುರಿಯುವ ನೈಋತ್ಯ ಮಾರುತದ ಮಳೆ ಗೂಡಲೂರು, ಪಂದಲೂರು, ನಡುವಟ್ಟಂಗಳ ಪಶ್ಚಿಮ ಮಗ್ಗುಲಿಗೆ ಹೆಚ್ಚು. ಅಕ್ಟೋಬರಿನಿಂದ ಡಿಸೆಂಬರಿನವರೆಗಿನ ಈಶಾನ್ಯ ಮಾರುತ ಬಂಗಾಳ ಕೊಲ್ಲಿಯ ತೇವವನ್ನು ಹೊತ್ತು ತಂದು ಕೂನೂರು, ಕೋತಗಿರಿಗಳ ಪೂರ್ವದ ಮಗ್ಗುಲಿಗೆ ತಾಗಿಸುತ್ತದೆ. ಮೆಟ್ಟುಪಾಳ್ಯಂ ಸಮುದ್ರಮಟ್ಟದಿಂದ ಸುಮಾರು 325 ಮೀಟರ್ ಎತ್ತರದಲ್ಲಿದೆ. ಕೂನೂರಿನ ರೈಲು ನಿಲ್ದಾಣ 1,700 ಮೀಟರಿಗೂ ಮೇಲೆ. ಬಯಲಿನ ಬೆಚ್ಚನೆಯ ಗಾಳಿಗೆ ಎದುರಿಗೆ ಬೆಟ್ಟ ಅಡ್ಡವಾದಾಗ ಮೇಲೇರುವುದಲ್ಲದೆ ಬೇರೆ ದಾರಿಯಿಲ್ಲ. ಏರಿದ ಗಾಳಿ ಹಿಗ್ಗುತ್ತದೆ, ಹಿಗ್ಗಿದ ಗಾಳಿ ತಣಿಯುತ್ತದೆ. ಸಾವಿರ ಮೀಟರ್ ಏರುವಷ್ಟರಲ್ಲಿ ಅದರ ಉಷ್ಣತೆ ಸುಮಾರು ಹತ್ತು ಡಿಗ್ರಿ ಇಳಿಯುತ್ತದೆ. ಒಂದು ಎತ್ತರದಲ್ಲಿ ಅದು ತನ್ನೊಳಗಿನ ತೇವವನ್ನು ಹಿಡಿದಿಟ್ಟುಕೊಳ್ಳಲಾರದೆ ಸಣ್ಣ ಸಣ್ಣ ಹನಿಗಳಾಗಿ ಬಿಟ್ಟುಕೊಡುತ್ತದೆ. ಬಯಲಿನಿಂದ ನೋಡುವವನಿಗೆ ಅದು ಬೆಟ್ಟಕ್ಕೆ ಕವಿದ ಮೋಡ. ಬೆಟ್ಟದ ಮೇಲೆ ಅದರೊಳಗೆ ನಿಂತವನಿಗೆ ಮಂಜು.

ಈ ಮಂಜಿನ ಒಂದು ಗುಣ ಹೊಸಬರನ್ನು ಬೆರಗುಗೊಳಿಸುತ್ತದೆ. ಮಂಜು ಮೇಲಿನಿಂದ ಇಳಿದು ಬರುತ್ತದೆಂದು ಎಲ್ಲರ ಎಣಿಕೆ. ಇಲ್ಲಿ ಅದು ಕೆಳಗಿನಿಂದ ಮೇಲೇರಿ ಬರುತ್ತದೆ. ಬೆಳಗಿನ ಬಿಸಿಲಿಗೆ ಬೆಟ್ಟದ ಮೈ ಕಾದಂತೆ ಕಣಿವೆಯ ಗಾಳಿ ಇಳಿಜಾರನ್ನು ಹಿಡಿದು ಹತ್ತತೊಡಗುತ್ತದೆ. ಹತ್ತು ಗಂಟೆಗೆ ನಿಚ್ಚಳವಾಗಿದ್ದ ಕಣಿವೆ ಹನ್ನೆರಡು ಗಂಟೆಗೆ ಹಾಲು ಉಕ್ಕಿದ ಪಾತ್ರೆಯಂತೆ ತುಂಬಿರಬಹುದು. ಅದು ಕಾಲು ಗಂಟೆಯಲ್ಲಿ ಮತ್ತೆ ತೆರವಾಗಬಹುದು, ಸಂಜೆಯವರೆಗೆ ಹಾಗೆಯೇ ನಿಲ್ಲಲೂಬಹುದು.

ನೆಲದ ಮೇಲೆ ಹೋಗುವವರಿಗೆ ಈ ಮಂಜಿನಲ್ಲಿ ಆಸರೆಗಳಿವೆ. ರೈಲಿಗೆ ಹಳಿಯುಂಟು, ನಡುವೆ ಹಲ್ಲಿನ ಪಟ್ಟಿಯುಂಟು. ಚಾಲಕನಿಗೆ ಹತ್ತು ಅಡಿ ಮುಂದೆ ಕಾಣದಿದ್ದರೂ ಎಂಜಿನ್ ದಾರಿ ತಪ್ಪುವುದಿಲ್ಲ. ಘಟ್ಟದ ರಸ್ತೆಯಲ್ಲಿ ಬಸ್ಸು ಹಗಲಿನಲ್ಲೇ ದೀಪ ಹಚ್ಚಿ, ತಿರುವು ತಿರುವಿಗೂ ಹಾರ್ನ್ ಹಾಕುತ್ತಾ ನಿಧಾನವಾಗಿ ಏರುತ್ತದೆ. ಏನೂ ಕಾಣದಿದ್ದರೆ ಪಕ್ಕಕ್ಕೆ ನಿಲ್ಲಿಸಿಕೊಳ್ಳುತ್ತದೆ. ಚಹಾ ತೋಟದಿಂದ ಮನೆಗೆ ನಡೆಯುವವರಿಗೆ ಕಾಲಡಿಯ ನೆಲವೇ ಸಾಕ್ಷಿ. ಆಕಾಶದಲ್ಲಿ ಹಾರುವವನಿಗೆ ಹಳಿಯೂ ಇಲ್ಲ, ರಸ್ತೆಯ ಅಂಚೂ ಇಲ್ಲ, ಕಾಲಿಗೆ ತಾಗುವ ನೆಲವೂ ಇಲ್ಲ.

ಕೂನೂರಿನ ಪಕ್ಕದ ವೆಲ್ಲಿಂಗ್ಟನ್ ಸೈನ್ಯದ ಊರು. ಮದ್ರಾಸ್ ರೆಜಿಮೆಂಟಿನ ಕೇಂದ್ರವೂ ಮೂರೂ ಪಡೆಗಳ ಅಧಿಕಾರಿಗಳು ಓದುವ ರಕ್ಷಣಾ ಸೇವೆಗಳ ಸಿಬ್ಬಂದಿ ಕಾಲೇಜೂ ಅಲ್ಲಿವೆ. ದೇಶದ ಮೊದಲ ರಕ್ಷಣಾ ಪಡೆಗಳ ಮುಖ್ಯಸ್ಥರಾಗಿದ್ದ ಜನರಲ್ ಬಿಪಿನ್ ರಾವತ್ ತಾವು ಓದಿದ ಆ ಕಾಲೇಜಿನಲ್ಲಿ ಮಾತನಾಡಲು ಆ ದಿನ ಹೊರಟಿದ್ದರು. ದೆಹಲಿಯಿಂದ ವಿಮಾನದಲ್ಲಿ ಕೊಯಮತ್ತೂರಿನ ಬಳಿಯ ಸೂಲೂರು ವಾಯುನೆಲೆಗೆ ಬಂದು, 11 ಗಂಟೆ 48 ನಿಮಿಷಕ್ಕೆ ಅಲ್ಲಿಂದ ವಾಯುಪಡೆಯ ಎಂಐ-17ವಿ5 ಹೆಲಿಕಾಪ್ಟರಿನಲ್ಲಿ ಹೊರಟರು. ಅವರ ಪತ್ನಿ ಮಧುಲಿಕಾ ರಾವತ್ ಅವರೂ ಸೇರಿ ಒಳಗಿದ್ದವರು ಹದಿನಾಲ್ಕು ಮಂದಿ. 12 ಗಂಟೆ 15 ನಿಮಿಷಕ್ಕೆ ವೆಲ್ಲಿಂಗ್ಟನ್ನಿನಲ್ಲಿ ಇಳಿಯಬೇಕಿತ್ತು. 12 ಗಂಟೆ 8 ನಿಮಿಷದ ಸುಮಾರಿಗೆ ಸೂಲೂರಿನ ನಿಯಂತ್ರಣ ಕೊಠಡಿಗೆ ಅದರ ಸಂಪರ್ಕ ತಪ್ಪಿತು. ಉಳಿದಿದ್ದುದು ಏಳು ನಿಮಿಷದ ದಾರಿ.

ರೈಲುದಾರಿಯ ಬಳಿಯಿದ್ದ ಪ್ರವಾಸಿಗರು ಫೋನಿನಲ್ಲಿ ಹಿಡಿದ ಚಿಕ್ಕ ದೃಶ್ಯವೊಂದನ್ನು ಅನಂತರ ದೇಶವೆಲ್ಲ ನೋಡಿತು. ಹೆಲಿಕಾಪ್ಟರ್ ಬೆಟ್ಟದ ಮೇಲೆ ಕಾಣಿಸಿಕೊಳ್ಳುತ್ತದೆ. ಕೆಲವೇ ಕ್ಷಣಗಳಲ್ಲಿ ಮಂಜಿನೊಳಗೆ ಮರೆಯಾಗುತ್ತದೆ. ನಂಜಪ್ಪಛತ್ತಿರದ ಜನ ಬೆಂಕಿಯನ್ನು ಕಂಡು ಓಡಿದರು. ಕೊಡಗಳಲ್ಲಿ ನೀರು ತಂದು ಸುರಿದರು. ಗಾಯಗೊಂಡವರನ್ನು ಹೊತ್ತೊಯ್ಯಲು ತಮ್ಮ ಮನೆಯ ಕಂಬಳಿಗಳನ್ನು ತಂದುಕೊಟ್ಟರು. ಆ ದಿನ ಹದಿಮೂರು ಮಂದಿ ತೀರಿಕೊಂಡರು. ಹದಿನಾಲ್ಕನೆಯವರಾದ ಗ್ರೂಪ್ ಕ್ಯಾಪ್ಟನ್ ವರುಣ್ ಸಿಂಗ್ ಅವರನ್ನು ಮರುದಿನ ಬೆಂಗಳೂರಿನ ಕಮಾಂಡ್ ಆಸ್ಪತ್ರೆಗೆ ಕರೆದೊಯ್ಯಲಾಯಿತು. ಅವರು ಡಿಸೆಂಬರ್ 15ರಂದು ಅಲ್ಲಿ ಕೊನೆಯುಸಿರೆಳೆದರು.

ಅಪಘಾತದ ತನಿಖೆಯನ್ನು ಮೂರೂ ಪಡೆಗಳ ಜಂಟಿ ನ್ಯಾಯಾಲಯವೊಂದು ನಡೆಸಿತು. 2022ರ ಜನವರಿಯಲ್ಲಿ ಹೊರಬಂದ ಅದರ ಪ್ರಾಥಮಿಕ ನಿರ್ಣಯ ಹೀಗಿತ್ತು: ಯಂತ್ರ ಕೆಟ್ಟಿರಲಿಲ್ಲ, ಯಾರ ಕುತಂತ್ರವೂ ಇರಲಿಲ್ಲ, ಅಲಕ್ಷ್ಯವೂ ಇರಲಿಲ್ಲ. ಕಣಿವೆಯ ಹವೆ ಅನಿರೀಕ್ಷಿತವಾಗಿ ಬದಲಾಗಿ ಹೆಲಿಕಾಪ್ಟರ್ ಮೋಡದೊಳಗೆ ಹೊಕ್ಕಿತು. ಪೈಲಟ್‌ಗೆ ದಿಕ್ಕು ಮತ್ತು ನೆಲೆಯ ಅರಿವು ತಪ್ಪಿತು. ಯಂತ್ರ ಹತೋಟಿಯಲ್ಲಿರುವಾಗಲೇ ನೆಲಕ್ಕೆ ಬಡಿಯಿತು. 2024ರ ಡಿಸೆಂಬರಿನಲ್ಲಿ ಸಂಸತ್ತಿನ ಮುಂದೆ ಬಂದ ರಕ್ಷಣಾ ಸ್ಥಾಯಿ ಸಮಿತಿಯ ವರದಿಯ ಪಟ್ಟಿಯೊಂದರಲ್ಲಿ ಇದೇ ಅಪಘಾತದ ಎದುರು ಬರೆದ ಕಾರಣ ಇನ್ನೂ ಚಿಕ್ಕದು: ಸಿಬ್ಬಂದಿಯ ಮಾನವ ದೋಷ.

ಪಟ್ಟಿಯಲ್ಲಿ ಈ ಮಾತಿಗೆ ಬೇಕಾದ ಜಾಗ ಒಂದು ಸಾಲಿಗೂ ಕಡಿಮೆ. ಓದಿದವರಿಗೆ ಯಾರೋ ಮೈಮರೆತರು, ಯಾರೋ ಕೆಲಸ ಅರಿಯದವರಿದ್ದರು ಎಂಬ ಭಾವನೆ ಬರುವುದು ಸಹಜ. ಮೋಡದೊಳಗೆ ಹೊಕ್ಕ ಮನುಷ್ಯನಿಗೆ ನಿಜವಾಗಿ ಏನಾಗುತ್ತದೆಂದು ತಿಳಿದಾಗ ಆ ಎರಡು ಪದಗಳ ಅರ್ಥ ಬೇರೆಯಾಗುತ್ತದೆ. ದೋಷವಿರುವುದು ನಿಜ, ಅದರ ಬಹುಪಾಲು ಪ್ರತಿಯೊಬ್ಬರ ಕಿವಿಯೊಳಗಿದೆ.

ಒಳಗಿವಿಯಲ್ಲಿ ಅರ್ಧವೃತ್ತಾಕಾರದ ಮೂರು ನಾಳಗಳಿವೆ. ಅವುಗಳೊಳಗೆ ದ್ರವವಿದೆ, ದ್ರವದ ಚಲನೆಯನ್ನು ಅರಿಯುವ ಅತಿ ಸೂಕ್ಷ್ಮ ರೋಮಗಳಿವೆ. ತಲೆ ತಿರುಗಿದಾಗ ನಾಳವೂ ತಿರುಗುತ್ತದೆ, ಒಳಗಿನ ದ್ರವ ಸ್ವಲ್ಪ ಹಿಂದುಳಿಯುತ್ತದೆ, ರೋಮಗಳು ಬಾಗುತ್ತವೆ, ಮಿದುಳಿಗೆ ‘ತಿರುಗುತ್ತಿದ್ದೇನೆ’ ಎಂಬ ಸುದ್ದಿ ಮುಟ್ಟುತ್ತದೆ. ಆದರೆ ತಿರುವು ಒಂದೇ ವೇಗದಲ್ಲಿ ಮುಂದುವರಿದರೆ, ಹತ್ತಿಪ್ಪತ್ತು ಸೆಕೆಂಡುಗಳಲ್ಲಿ ದ್ರವವೂ ನಾಳದ ಜೊತೆಗೇ ತಿರುಗತೊಡಗುತ್ತದೆ. ರೋಮಗಳು ನೆಟ್ಟಗಾಗುತ್ತವೆ. ದೇಹ ಇನ್ನೂ ತಿರುಗುತ್ತಿದ್ದರೂ ಮಿದುಳಿಗೆ ಬರುವ ಸುದ್ದಿ ‘ನೇರವಾಗಿದ್ದೇನೆ’ ಎಂದು. ತಿರುವು ತೀರ ನಿಧಾನವಾಗಿ ಮೊದಲಾದರಂತೂ ಕಿವಿಗೆ ಅದು ಮೊದಲಿನಿಂದಲೇ ತಿಳಿಯುವುದಿಲ್ಲ.

ಇದನ್ನು ಮನೆಯಲ್ಲೇ ಪರೀಕ್ಷಿಸಬಹುದು. ತಿರುಗುವ ಕುರ್ಚಿಯ ಮೇಲೆ ಮಗುವನ್ನು ಕೂರಿಸಿ, ಕಣ್ಣಿಗೆ ಬಟ್ಟೆ ಕಟ್ಟಿ, ಹಿರಿಯರೊಬ್ಬರು ಒಂದೇ ಸಮನೆ ನಿಧಾನವಾಗಿ ಬಲಕ್ಕೆ ತಿರುಗಿಸಲಿ. ಯಾವ ಕಡೆಗೆ ತಿರುಗುತ್ತಿರುವೆ ಎಂದು ಕೇಳಿದರೆ ಮಗು ಮೊದಲು ಬಲಕ್ಕೆ ಎನ್ನುತ್ತದೆ. ಅರ್ಧ ನಿಮಿಷದ ಮೇಲೆ ಕುರ್ಚಿ ನಿಂತಿದೆ ಎನ್ನಬಹುದು. ಕುರ್ಚಿಯನ್ನು ನಿಜವಾಗಿ ನಿಲ್ಲಿಸಿದಾಗ ಈಗ ಎಡಕ್ಕೆ ತಿರುಗುತ್ತಿದ್ದೇನೆ ಎನ್ನುತ್ತದೆ. ಮಗು ಸುಳ್ಳು ಹೇಳುತ್ತಿಲ್ಲ. ಅದರ ಕಿವಿ ಅದಕ್ಕೆ ಹೇಳಿದ್ದನ್ನೇ ಅದು ಹೇಳುತ್ತಿದೆ. ಕಣ್ಣಿನ ಬಟ್ಟೆ ಬಿಚ್ಚಿದೊಡನೆ ಗೋಡೆ, ಬಾಗಿಲು, ಅಮ್ಮನ ಮುಖ ಕಂಡು ಭ್ರಮೆ ಬೇಗನೆ ಕರಗುತ್ತದೆ.

ಸಣ್ಣ ವಿಮಾನದ ಪೈಲಟ್‌ಗೆ ಗೋಡೆ, ಬಾಗಿಲುಗಳ ಜಾಗದಲ್ಲಿರುವುದು ದಿಗಂತದ ಗೆರೆ. ಅದು ಕಾಣುತ್ತಿರುವಷ್ಟು ಹೊತ್ತು ಕಣ್ಣು ಕಿವಿಯನ್ನು ತಿದ್ದುತ್ತಿರುತ್ತದೆ. ಮೋಡದೊಳಗೆ ಆ ಗೆರೆ ಅಳಿಸಿಹೋಗುತ್ತದೆ. ವಿಮಾನ ಮೆಲ್ಲಗೆ ಒಂದು ಪಕ್ಕಕ್ಕೆ ವಾಲುತ್ತದೆ, ಕಿವಿ ಅರಿಯದು. ವಾಲಿದ ವಿಮಾನ ಎತ್ತರ ಕಳೆದುಕೊಳ್ಳುತ್ತದೆ. ಪೈಲಟ್ ನೇರವಾಗಿ ಇಳಿಯುತ್ತಿದ್ದೇನೆಂದು ತಿಳಿದು ಮೂತಿಯನ್ನು ಎತ್ತಲು ನೋಡುತ್ತಾನೆ. ವಾಲಿರುವಾಗ ಹಾಗೆ ಎಳೆದರೆ ಸುತ್ತು ಇನ್ನಷ್ಟು ಬಿಗಿಯಾಗುತ್ತದೆ. ಒಂದು ವೇಳೆ ಅವನು ವಾಲನ್ನು ಸರಿಪಡಿಸಿದರೂ ಕುರ್ಚಿಯ ಮಗುವಿನಂತೆ ಎದುರು ದಿಕ್ಕಿಗೆ ತಿರುಗುತ್ತಿರುವೆನೆಂದು ಭಾಸವಾಗಿ ಮತ್ತೆ ಹಳೆಯ ವಾಲಿಗೇ ಮರಳುತ್ತಾನೆ.

ಇದಕ್ಕೆ ಎಷ್ಟು ಹೊತ್ತು ಬೇಕು? 1954ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದವರು ಉಪಕರಣಗಳನ್ನು ನೋಡಿ ಹಾರುವ ತರಬೇತಿಯಿಲ್ಲದ ಇಪ್ಪತ್ತು ಮಂದಿಯನ್ನು ಬೀಚ್‌ಕ್ರಾಫ್ಟ್ ಬೊನಾನ್ಜಾ ಎಂಬ ಸಣ್ಣ ವಿಮಾನದಲ್ಲಿ ಪರೀಕ್ಷಿಸಿದರು. ಪಕ್ಕದಲ್ಲಿ ಶಿಕ್ಷಕರಿದ್ದರು, ಹೊರಗಿನ ನೋಟವನ್ನು ಮಾತ್ರ ಮರೆಮಾಡಲಾಗಿತ್ತು. ಇಪ್ಪತ್ತು ಮಂದಿಯೂ ಹತೋಟಿ ಕಳೆದುಕೊಂಡರು. ಅದಕ್ಕೆ ಹಿಡಿದ ಸರಾಸರಿ ಕಾಲ 178 ಸೆಕೆಂಡು, ಮೂರು ನಿಮಿಷಕ್ಕೆ ಎರಡು ಸೆಕೆಂಡು ಕಡಿಮೆ.

ಐದು ವರ್ಷಗಳ ಅನಂತರ ಅದೇ ಜಾತಿಯ ವಿಮಾನವೊಂದು ಈ ಪಾಠವನ್ನು ನಿಜದ ಇರುಳಿನಲ್ಲಿ ಕಲಿಸಿತು. ಅಮೆರಿಕದ ಅಯೋವಾ ರಾಜ್ಯದ ಕ್ಲಿಯರ್ ಲೇಕ್ ಎಂಬ ಊರಿನಲ್ಲಿ 1959ರ ಫೆಬ್ರವರಿ 2ರ ರಾತ್ರಿ ಗಾಯಕರ ತಂಡವೊಂದು ಹಾಡಿತು. ಚಳಿಗಾಲದ ಆ ಪ್ರವಾಸದುದ್ದಕ್ಕೂ ಅವರ ಬಸ್ಸಿನ ಶಾಖಯಂತ್ರ ಕೈಕೊಡುತ್ತಲೇ ಇತ್ತು. ವಾದ್ಯಗಾರರೊಬ್ಬರ ಕಾಲು ಹಿಮದ ಚಳಿಗೆ ಮರಗಟ್ಟಿ ಆಸ್ಪತ್ರೆ ಸೇರಿದ್ದರು. ಮತ್ತೊಂದು ಇರುಳನ್ನು ಆ ಬಸ್ಸಿನಲ್ಲಿ ಕಳೆಯಲಾರದೆ ಬಡ್ಡಿ ಹಾಲಿ ಎಂಬ ಗಾಯಕ ಸಣ್ಣ ವಿಮಾನವೊಂದನ್ನು ಬಾಡಿಗೆಗೆ ಗೊತ್ತುಮಾಡಿದ. ಅವನಿಗೆ 22 ವರ್ಷ. ಜೊತೆಯ ರಿಚಿ ವ್ಯಾಲೆನ್ಸ್‌ಗೆ 17, ಜೆ. ಪಿ. ರಿಚರ್ಡ್ಸನ್‌ಗೆ 28, ಪೈಲಟ್ ರೋಜರ್ ಪೀಟರ್ಸನ್‌ಗೆ 21. ನಡುರಾತ್ರಿ ಕಳೆದು ಒಂದು ಗಂಟೆಯೊಳಗೆ, ತೆಳುವಾಗಿ ಹಿಮ ಬೀಳುತ್ತಿರುವಾಗ ಅವರು ಹೊರಟರು. ಕೆಲವೇ ನಿಮಿಷಗಳಲ್ಲಿ ವಿಮಾನ ಹೊಲವೊಂದಕ್ಕೆ ಬಿದ್ದು ನಾಲ್ವರೂ ತೀರಿಕೊಂಡರು.

ಪೀಟರ್ಸನ್ ಉಪಕರಣ ಹಾರಾಟದ ಪರೀಕ್ಷೆಯಲ್ಲಿ ತೇರ್ಗಡೆಯಾಗಿರಲಿಲ್ಲ. ದಾರಿಯಲ್ಲಿ ಹವೆ ಕೆಡುತ್ತಿದೆಯೆಂಬ ವಿಶೇಷ ಎಚ್ಚರಿಕೆಗಳನ್ನು ಅವನಿಗೆ ಯಾರೂ ತಿಳಿಸಿರಲಿಲ್ಲ. ಆ ವಿಮಾನದಲ್ಲಿದ್ದ ದಿಗಂತಸೂಚಕವು ಅವನು ಕಲಿತಿದ್ದಕ್ಕಿಂತ ಬೇರೆ ಬಗೆಯದು. ಮೂತಿ ಮೇಲಾಯಿತೋ ಕೆಳಗಾಯಿತೋ ಎಂಬುದನ್ನು ತಿರುಗುಮುರುಗಾಗಿ ತೋರಿಸುತ್ತಿತ್ತು. ತನಿಖೆ ಇವೆಲ್ಲವನ್ನೂ ಬರೆದು, ಹೊರಡುವ ನಿರ್ಧಾರವೇ ಅವಿವೇಕದ್ದೆಂದು ಹೇಳಿತು. ಆ ಹೊಲದ ಅಂಚಿನಲ್ಲಿ ಈಗ ದೊಡ್ಡದೊಂದು ಕನ್ನಡಕದ ಆಕೃತಿ ನಿಂತಿದೆ. ಹಾಲಿ ತೊಡುತ್ತಿದ್ದ ಕನ್ನಡಕದ ನೆನಪು ಅದು. ಒಳಗೆ ನಡೆದರೆ ಉಕ್ಕಿನ ಗಿಟಾರು ಮತ್ತು ಮೂರು ಧ್ವನಿಮುದ್ರಿಕೆಗಳ ಸ್ಮಾರಕ. ಅದನ್ನು ಇಟ್ಟುದು 1988ರಲ್ಲಿ, ಗಾಯಕರು ಮೂವರಿಗಾಗಿ. ಪೈಲಟ್‌ನ ಹೆಸರಿನ ಸ್ಮಾರಕ ಅಲ್ಲಿಗೆ ಬಂದುದು 2009ರಲ್ಲಿ, ಅವನು ತೀರಿಕೊಂಡ ಐವತ್ತು ವರ್ಷಗಳ ಮೇಲೆ.

ಕೂನೂರಿನ ಕಣಿವೆಗೂ ಅಯೋವಾದ ಹೊಲಕ್ಕೂ ಹೋಲಿಕೆ ಕಡಿಮೆ. ಅಲ್ಲಿ ಬಯಲು, ಇಲ್ಲಿ ಬೆಟ್ಟ. ಅದು ನಾಲ್ವರ ಪುಟ್ಟ ವಿಮಾನ. ಇದು ಹದಿಮೂರು ಟನ್‌ವರೆಗೆ ತೂಗುವ, ಎರಡು ಎಂಜಿನ್ನುಗಳ ಹೆಲಿಕಾಪ್ಟರು. ಅವನು ಇಪ್ಪತ್ತೊಂದರ ಹುಡುಗ. ಇವರು ದೇಶ ತನ್ನ ಹಿರಿಯ ಸೇನಾನಿಯನ್ನು ಒಪ್ಪಿಸಿದ ನುರಿತ ವಾಯುಸೈನಿಕರು. ಆದರೂ ಎರಡೂ ಕಡೆ ಮೋಡ ಮನುಷ್ಯನ ಅದೇ ಕಿವಿಯನ್ನು ಎದುರಿಸಿತು. ತರಬೇತಿ ಕಿವಿಯನ್ನು ಬದಲಿಸಲಾರದು. ಕಿವಿಯ ಮಾತನ್ನು ಬದಿಗಿಟ್ಟು ಉಪಕರಣದ ಮಾತನ್ನು ನಂಬುವುದನ್ನು ಮಾತ್ರ ಅದು ಕಲಿಸಬಲ್ಲದು. ಹಾಗೆ ನಂಬಲು ಕೆಲವು ಕ್ಷಣಗಳಾದರೂ ಬೇಕು, ಸುತ್ತಲೂ ಜಾಗ ಬೇಕು. ಎಡಬಲಕ್ಕೆ ಬೆಟ್ಟಗಳಿರುವ ಕಣಿವೆ ಆ ಎರಡನ್ನೂ ಧಾರಾಳವಾಗಿ ಕೊಡುವುದಿಲ್ಲ.

ವರುಣ್ ಸಿಂಗ್ ಅವರ ಜೀವನ ಇದನ್ನು ಇನ್ನಷ್ಟು ಸ್ಪಷ್ಟಪಡಿಸುತ್ತದೆ. 2020ರ ಅಕ್ಟೋಬರಿನಲ್ಲಿ ಅವರು ಹಾರಿಸುತ್ತಿದ್ದ ತೇಜಸ್ ವಿಮಾನ ಎತ್ತರದ ಆಕಾಶದಲ್ಲಿ ಹತೋಟಿ ತಪ್ಪಿ ಬೀಳತೊಡಗಿತ್ತು. ಹೊರಜಿಗಿಯಬಹುದಾಗಿದ್ದರೂ ಅವರು ಅದನ್ನು ಹತೋಟಿಗೆ ತಂದು ಸುರಕ್ಷಿತವಾಗಿ ಇಳಿಸಿದರು. ಅದಕ್ಕೆ ಶೌರ್ಯ ಚಕ್ರ ದೊರೆಯಿತು. ಆ ಗೌರವ ಬಂದಾಗ ತಾವು ಓದಿದ ಶಾಲೆಯ ಮುಖ್ಯಸ್ಥರಿಗೆ ಪತ್ರ ಬರೆದು, ತಾವೂ ಸಾಧಾರಣ ವಿದ್ಯಾರ್ಥಿಯೇ ಆಗಿದ್ದುದನ್ನು ನೆನೆದು, ಅಂಕ ಕಡಿಮೆ ಬರುವ ಮಕ್ಕಳು ಎದೆಗುಂದಬಾರದೆಂದು ತಿಳಿಸಿದ್ದರು. ಅಂಥವರು ಡಿಸೆಂಬರಿನ ಆ ದಿನ ವೆಲ್ಲಿಂಗ್ಟನ್ನಿನ ಕಾಲೇಜಿನ ಪರವಾಗಿ ಜನರಲ್ ಅವರನ್ನು ಎದುರುಗೊಂಡು, ಹೆಲಿಕಾಪ್ಟರಿನಲ್ಲಿ ಪ್ರಯಾಣಿಕರಾಗಿ ಕುಳಿತಿದ್ದರು. ಮಂಜು ಪದಕಗಳನ್ನು ನೋಡುವುದಿಲ್ಲ.

ಹಾಗಾದರೆ ಮನುಷ್ಯನ ಕೈಯಲ್ಲಿ ಉಳಿಯುವುದೇನು? ಮೋಡದೊಳಗೆ ಹೊಕ್ಕ ಮೇಲೆ ಉಳಿಯುವುದು ಬಹಳ ಕಡಿಮೆ; ಹೊಗುವ ಮೊದಲು ಬಹಳವಿದೆ. ಸಣ್ಣ ವಿಮಾನ ಕಲಿಯುವವರಿಗೆ ಶಿಕ್ಷಕರು ಮತ್ತೆ ಮತ್ತೆ ಹೇಳುವುದು ಇದನ್ನೇ: ನೆಲ ಕಾಣುತ್ತಿರುವಾಗಲೇ ಹಿಂತಿರುಗು. ಹೊರಡುವ ಮೊದಲು ಎರಡು ಬಾರಿ ಹವೆಯನ್ನು ವಿಚಾರಿಸು, ಕಾಯಬೇಕಾದರೆ ಕಾಯಿ, ಬೇರೆಡೆ ಇಳಿಯಬಹುದಾದ ಜಾಗವನ್ನು ಮೊದಲೇ ಗುರುತಿಸಿಕೋ. ಕೇಳಲು ಸುಲಭವಾದ ಈ ಮಾತುಗಳು ಪಾಲಿಸಲು ಕಷ್ಟ. ಊರು ಹತ್ತಿರವಾದಷ್ಟೂ ಹಿಂತಿರುಗುವ ಮನಸ್ಸು ದೂರವಾಗುತ್ತದೆ. ಕಾಯುತ್ತಿರುವವರ ಮುಖ ನೆನಪಾಗುತ್ತದೆ, ಬಂದ ದಾರಿಯೆಲ್ಲ ವ್ಯರ್ಥವಾಯಿತೆನಿಸುತ್ತದೆ.

ಬೆಟ್ಟದ ಮೇಲೆ ಬಾಳುವ ಕುಟುಂಬಗಳಿಗೆ ಇದು ಅಪರಿಚಿತ ವಿಷಯವಲ್ಲ. ಮಳೆ ಜೋರಾದ ದಿನ ಜಿಲ್ಲಾಧಿಕಾರಿಗಳು ಶಾಲೆಗೆ ರಜೆ ಸಾರಿದಾಗ ಪಾಠ ತಪ್ಪಿತೆಂದು ಗೊಣಗುವ ಹಿರಿಯರಿದ್ದಾರೆ. ಬಸ್ಸು ತಡವಾದರೆ ಚಾಲಕನನ್ನು ಅವಸರಪಡಿಸುವ ಪ್ರಯಾಣಿಕರಿದ್ದಾರೆ. ನಡುದಾರಿಯಲ್ಲಿ ವಾಹನವನ್ನು ನಿಲ್ಲಿಸಿಕೊಂಡವನನ್ನು, ಹೊರಟು ಹಿಂತಿರುಗಿದವನನ್ನು ಅಂಜುಬುರುಕನೆಂದು ನಗುವುದೂ ಉಂಟು. ಅವನು ನಿಂತದ್ದರಿಂದ ತಪ್ಪಿದ ಅನಾಹುತ ಯಾರ ಕಣ್ಣಿಗೂ ಬೀಳುವುದಿಲ್ಲ. ಅದಕ್ಕೆ ಪದಕವಿಲ್ಲ, ಸ್ಮಾರಕವೂ ಇಲ್ಲ. ಮನೆಯಲ್ಲಿ, ತರಗತಿಯಲ್ಲಿ ಆ ನಿರ್ಧಾರಕ್ಕೆ ಮರ್ಯಾದೆ ಸಿಕ್ಕರೆ ಮಾತ್ರ ಮುಂದೆ ಚಕ್ರ ಹಿಡಿಯುವ, ವಿಮಾನ ನಡೆಸುವ ಮಕ್ಕಳಿಗೆ ಅದು ನಾಚಿಕೆಯ ವಿಷಯವಾಗಿ ಕಾಣುವುದಿಲ್ಲ.

ದುರಂತದ ಮರುದಿನ ವೆಲ್ಲಿಂಗ್ಟನ್ನಿನಿಂದ ಆಂಬುಲೆನ್ಸುಗಳ ಸಾಲು ಸೂಲೂರಿನ ಕಡೆಗೆ ಇಳಿಯುವಾಗ ಘಟ್ಟದ ರಸ್ತೆಯ ಬದಿಯಲ್ಲಿ ಜನ ನಿಂತು ಹೂವೆರಚಿದರು. ನಂಜಪ್ಪಛತ್ತಿರದ ಜನಕ್ಕೆ ಸೈನ್ಯ ಕೃತಜ್ಞತೆ ಹೇಳಿತು, ಅವರು ಕೊಟ್ಟ ಕಂಬಳಿಗಳ ಬದಲಿಗೆ ಹೊಸ ಕಂಬಳಿಗಳು ಬಂದವು. ಯಾರು ಬಿದ್ದರೆಂದು ತಿಳಿಯುವ ಮೊದಲೇ ಆ ಜನ ನೀರು ಹೊತ್ತು ಓಡಿದ್ದರು. ಛತ್ರವೆಂಬ ಹೆಸರಿನ ಊರು ಅಂದು ಛತ್ರದ ಕೆಲಸವನ್ನೇ ಮಾಡಿತ್ತು.

ಈಗಲೂ ದಿನಕ್ಕೊಮ್ಮೆ ಆ ಪುಟ್ಟ ರೈಲು ಕಾಟೇರಿಯ ಬಳಿಯ ತಿರುವುಗಳನ್ನು ಏರುತ್ತದೆ. ಮಕ್ಕಳು ಕಿಟಕಿಯಿಂದ ಕೈ ಚಾಚಿ ಮಂಜನ್ನು ಹಿಡಿಯಲು ನೋಡುತ್ತಾರೆ. ಕೆಲವು ದಿನ ಕಣಿವೆಯ ತಳದವರೆಗೂ ಎಲ್ಲವೂ ಕಾಣುತ್ತದೆ: ಹೊಳೆ, ರಸ್ತೆಯ ತಿರುವುಗಳು, ಚಹಾ ಗಿಡಗಳ ಸಾಲು, ದೂರದಲ್ಲಿ ದುರ್ಗ. ಕೆಲವು ದಿನ ಕಿಟಕಿಯಾಚೆ ಬಿಳಿಯ ಹೊರತು ಏನೂ ಇರುವುದಿಲ್ಲ. ಆಗ ರೈಲು ಒಮ್ಮೆ ಶಿಳ್ಳೆ ಹಾಕಿ, ಹಲ್ಲಿನ ಪಟ್ಟಿಯನ್ನು ಕಚ್ಚಿಕೊಂಡು, ತನ್ನ ನಿಧಾನದಲ್ಲೇ ಮುಂದಿನ ನಿಲ್ದಾಣದ ಕಡೆಗೆ ಹತ್ತುತ್ತದೆ.